ಟಮ್ಮಿ ಟಕ್ ಆಗಿ 22 ತಿಂಗಳು: ನೋವು ಹೋಗಿಲ್ಲ, ಸಂಜೆಯ ಊತವೂ ಇಳಿದಿಲ್ಲ

ಅಘನಾಶಿನಿ ತೀರ, ಕುಮಟಾ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ವಾರ ಯೋಚಿಸಿ, ಇನ್ನು ತಡೆದುಕೊಳ್ಳಲಾಗದೆ ಬರೆಯುತ್ತಿದ್ದೇನೆ. ನನಗೆ 41 ವರ್ಷ. ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್ ಹೆರಿಗೆಗಳು. ಎರಡನೆಯ ಬಾಣಂತನದ ನಂತರ ಹೊಟ್ಟೆಯ ಚರ್ಮ ಮಡಿಕೆಯಾಗಿ ಜೋತುಬಿದ್ದು, ನಮ್ಮ ಕರಾವಳಿಯ ಸೆಕೆಯಲ್ಲಿ ಆ ಮಡಿಕೆಯ ಅಡಿ ಬೆವರು ನಿಂತು, ವರ್ಷದ ಎಂಟು ತಿಂಗಳು ಅಲ್ಲಿ ಚರ್ಮ ಸುಲಿದು ಉರಿಯುತ್ತಿತ್ತು. ಹೊಟ್ಟೆಯ ನಡುವಿನ ಸ್ನಾಯುಗಳೂ ಅಗಲವಾಗಿ ಬೇರ್ಪಟ್ಟಿದ್ದವು. ಹಲವು ವರ್ಷ ಹಣ ಕೂಡಿಸಿ, 22 ತಿಂಗಳ ಹಿಂದೆ, ಜಿಲ್ಲೆಯ ಹೊರಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಟಮ್ಮಿ ಟಕ್, ಅಂದರೆ ಜೋತುಬಿದ್ದ ಚರ್ಮ ತೆಗೆದು ಬೇರ್ಪಟ್ಟ ಸ್ನಾಯುಗಳನ್ನು ಹತ್ತಿರ ತಂದು ಹೊಲಿಯುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡೆ.

ಮೊದಲ ಮೂರು ತಿಂಗಳ ನೋವಿಗೂ ಊತಕ್ಕೂ ನಾನು ಸಿದ್ಧಳಾಗಿದ್ದೆ. ಆದರೆ ಈಗಲೂ ಬೆಳಿಗ್ಗೆ ಏಳುವಾಗ ಸಮತಟ್ಟಾಗಿರುವ ಹೊಟ್ಟೆ, ಸಂಜೆ ಐದರ ಹೊತ್ತಿಗೆ ಆರು ತಿಂಗಳ ಬಸುರಿಯಂತೆ ಉಬ್ಬುತ್ತದೆ. ಗಾಯದ ಗೆರೆಯ ಬಲತುದಿಯಲ್ಲಿ, ಸೊಂಟದ ಎಲುಬಿನ ಹತ್ತಿರ, ಬೆಂಕಿಯ ಕಡ್ಡಿ ತಾಗಿಸಿದಂತಹ ನೋವಿದೆ. ಅದು ತೊಡೆಯ ಹೊರಭಾಗಕ್ಕೆ ಇಳಿಯುತ್ತದೆ, ಅಲ್ಲಿ ಅಂಗೈ ಅಗಲದಷ್ಟು ಜಾಗ ಜೋಮುಗಟ್ಟಿದೆ. ಊತ ತಡೆಯಬೇಕೆಂದು ಆಸ್ಪತ್ರೆಯಲ್ಲಿ ಕೊಟ್ಟ ಬೆಲ್ಟನ್ನು ದಿನಕ್ಕೆ ಹನ್ನೆರಡು ಗಂಟೆ ಬಿಗಿದುಕೊಂಡೇ ಇರುತ್ತೇನೆ.

ಮರಳಿ ಹೋಗಿ ತೋರಿಸಿದಾಗ "ಗಾಯ ಚೆನ್ನಾಗಿ ಮಾಗಿದೆ, ಇದು ನಿಮ್ಮ ಮನಸ್ಸಿನ ಭಯ" ಎಂದರು. ಇಲ್ಲಿ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಆಯಿತು, ವರದಿ ನಾರ್ಮಲ್ ಎಂದು ಬಂತು. ಈ ಎರಡು ವರ್ಷಗಳಲ್ಲಿ ನಾಲ್ವರು ವೈದ್ಯರನ್ನು ಕಂಡಿದ್ದೇನೆ. ನಾಲ್ವರೂ ಕಾಗದ ನೋಡಿದರು, ಯಾರೊಬ್ಬರೂ ನನ್ನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಲಿಲ್ಲ. ಇಷ್ಟು ದೀರ್ಘ ಕಾಲ ಹೀಗಾಗುವುದು ಸಹಜವೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಘಟ್ಟದ ಮೇಲಿನವಳು, ಶಿರಸಿ

ಅಕ್ಕಾ, ನಿಮ್ಮ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನಗೂ ಇದೇ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವರ್ಷವಾಯಿತು, ಆದ್ದರಿಂದ ನನ್ನ ಊತದ ಕಥೆಯನ್ನು ಹೇಳುತ್ತೇನೆ. ನಿಮ್ಮದು ಅದರಂತೆಯೇ ಇದೆಯೇ ಎಂದು ಹೋಲಿಸಿ ನೋಡಿ.

ನನ್ನ ಊತ ಗಾಯದ ಗೆರೆಗೂ ಹೊಕ್ಕುಳಿಗೂ ನಡುವಿನ ಚರ್ಮದಲ್ಲಿತ್ತು. ಬೆರಳಿನಿಂದ ಒತ್ತಿದರೆ ದೋಸೆ ಹಿಟ್ಟಿನ ಮೇಲೆ ಒತ್ತಿದ ಹಾಗೆ ಗುಳಿ ಬಿದ್ದು ನಿಧಾನವಾಗಿ ತುಂಬುತ್ತಿತ್ತು. ಅಡಿಕೆ ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಐದಾರು ಗಂಟೆ ಬಾಗಿ ಕುಳಿತರೆ ಹೆಚ್ಚುತ್ತಿತ್ತು. ಮಾರಿಕಾಂಬಾ ಜಾತ್ರೆಯ ವಾರ ನೆಂಟರಿಗೆಲ್ಲ ಅಡುಗೆ ಮಾಡುತ್ತ ದಿನವಿಡೀ ನಿಂತಾಗ ಸೀರೆಯ ನೆರಿಗೆಯೇ ಬಿಗಿಯುತ್ತಿತ್ತು. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ ಖಂಡಿತ ಊತ. ನನ್ನ ವೈದ್ಯರು ವಿವರಿಸಿದ ಪ್ರಕಾರ, ಹೊಕ್ಕುಳಿನ ಕೆಳಗಿನ ಚರ್ಮದ ದುಗ್ಧರಸ (ಅಂಗಾಂಶಗಳಿಂದ ಹರಿದುಹೋಗುವ ತಿಳಿ ನೀರು) ತೊಡೆಸಂದಿಯ ಗ್ರಂಥಿಗಳ ಕಡೆಗೆ ಇಳಿಯುತ್ತದೆ; ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಹಾಕುವ ಕೊಯ್ತ ಆ ದಾರಿಯನ್ನೇ ಅಡ್ಡಕ್ಕೆ ಕತ್ತರಿಸುತ್ತದೆ. ಹೊಸ ದಾರಿ ಮೂಡುವವರೆಗೆ ನೀರು ಗೆರೆಯ ಮೇಲ್ಗಡೆ, ಒಡ್ಡು ಕಟ್ಟಿದ ಹೊಳೆಯಂತೆ, ನಿಲ್ಲುತ್ತದೆ. ಬಹುಪಾಲು ಊತ ಎರಡು ಮೂರು ತಿಂಗಳಲ್ಲಿ ಇಳಿದರೂ ಉಳಿದದ್ದು ಹೋಗಲು ಒಂದು ವರ್ಷ ಹಿಡಿಯಬಹುದು ಎಂದಿದ್ದರು. ನನಗೆ 14 ತಿಂಗಳು ಹಿಡಿಯಿತು.

ಆದರೆ ಪ್ರತಿ ತಿಂಗಳೂ ಹಿಂದಿನ ತಿಂಗಳಿಗಿಂತ ಸ್ವಲ್ಪವಾದರೂ ಕಡಿಮೆಯಾಗುತ್ತಿತ್ತು. ನಿಮ್ಮದು 22 ತಿಂಗಳಾದರೂ ಅಷ್ಟೇ ಇದೆ ಎನ್ನುತ್ತೀರಿ. ಇನ್ನಷ್ಟು ದಿನ ಕಾಯಿರಿ ಎಂದು ನಿಮಗೆ ಹೇಳಲು ನನಗೆ ಧೈರ್ಯ ಸಾಲದು.

ಸದಾಶಿವಗಡದ ನಿವೃತ್ತ ಶುಶ್ರೂಷಕಿ, ಕಾರವಾರ

ತಂಗಿ, ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ 31 ವರ್ಷ ಕೆಲಸ ಮಾಡಿದವಳು ನಾನು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಸಂಗತಿ ಒಂದೇ: ನೀವು ನೋವನ್ನೂ ಊತವನ್ನೂ ಒಂದೇ ಉಸಿರಿನಲ್ಲಿ, ಒಂದೇ ಕಾಯಿಲೆಯೆಂಬಂತೆ ಹೇಳಿದ್ದೀರಿ. ವೈದ್ಯರೂ ಹಾಗೆಯೇ ಕೇಳಿಸಿಕೊಂಡಿರುತ್ತಾರೆ. ಎರಡನ್ನೂ ಬಿಡಿಸಿ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ನೋವು ಒಂದು ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿದೆಯೇ, ಅಥವಾ ಅಂಗೈಯಿಡೀ ಬೇಕೇ? ಊತ ಚರ್ಮದಲ್ಲಿದೆಯೇ, ಅಥವಾ ಹೊಟ್ಟೆಯೇ ಮುಂದಕ್ಕೆ ಬರುತ್ತದೆಯೇ? ಮಲಗಿದರೆ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ? ಊಟಕ್ಕೆ ಮೊದಲೋ ನಂತರವೋ? ಮುಟ್ಟಿನ ದಿನಗಳಿಗೂ ಇದಕ್ಕೂ ಸಂಬಂಧವಿದೆಯೇ?

ಮನೆಯಲ್ಲಿ ಇನ್ನೊಂದನ್ನು ಮಾಡಿ ನೋಡಬಹುದು. ಅಂಗಾತ ಮಲಗಿ, ಅತಿ ಹೆಚ್ಚು ನೋಯುವ ಬಿಂದುವನ್ನು ಬೆರಳಿನಿಂದ ಒತ್ತಿ ಹಿಡಿದು, ಕೈ ಊರದೆ ತಲೆ ಮತ್ತು ಭುಜವನ್ನು ಮೇಲಕ್ಕೆತ್ತಿ. ಆಗ ನೋವು ಹಾಗೆಯೇ ಉಳಿದರೆ ಅಥವಾ ಹೆಚ್ಚಾದರೆ ಅದರ ಮೂಲ ಹೊಟ್ಟೆಯ ಗೋಡೆಯಲ್ಲಿ ಇರುವ ಸಂಭವ ಹೆಚ್ಚು. ಬಿಗಿದ ಸ್ನಾಯು ಅಡ್ಡ ಬಂದು ನೋವು ಕಡಿಮೆಯಾದರೆ ಒಳಗಿನ ಅಂಗಗಳ ಕಡೆಗೆ ನೋಡಬೇಕು. ಕಾರ್ನೆಟ್ ಎಂಬ ಶಸ್ತ್ರವೈದ್ಯರು 1926ರಲ್ಲಿ ಬರೆದ ಪರೀಕ್ಷೆಯಿದು. ಯಂತ್ರ ಬೇಡ, ದುಡ್ಡು ಬೇಡ, ರೋಗಿಯನ್ನು ಮಲಗಿಸುವ ತಾಳ್ಮೆಯೊಂದು ಬೇಕು. ನಾಲ್ಕು ಕಡೆ ಹೋದರೂ ಯಾರೂ ಮುಟ್ಟಿ ನೋಡಲಿಲ್ಲ ಎಂಬ ಮಾತು ನನ್ನನ್ನು ಬಹಳ ನೋಯಿಸಿತು.

ಶರಾವತಿ ದಂಡೆ, ಹೊನ್ನಾವರ

ನಾನು ಗಂಡಸು, ಇಲ್ಲಿ ಬರೆಯುವುದು ಸರಿಯೋ ಅಲ್ಲವೋ ಎಂಬ ಸಂಕೋಚವಿದೆ, ಆದರೆ ನನ್ನ ಹೆಂಡತಿ ಎರಡು ವರ್ಷ ಅನುಭವಿಸಿದ್ದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವಳಿಗೆ ಶಸ್ತ್ರಚಿಕಿತ್ಸೆಯಾದ ಐದನೆಯ ವಾರದಲ್ಲಿ ಹೊಕ್ಕುಳಿನ ಕೆಳಗೆ ನೀರು ತುಂಬಿತು. ಚರ್ಮ ಮತ್ತು ಕೊಬ್ಬನ್ನು ಸ್ನಾಯುವಿನ ಹೊದಿಕೆಯಿಂದ ಎಬ್ಬಿಸಿದಾಗ ಉಂಟಾಗುವ ಪೊಳ್ಳಿನಲ್ಲಿ ಶರೀರದ ದ್ರವ ಸೇರುವುದಕ್ಕೆ ಸೆರೋಮಾ ಎನ್ನುತ್ತಾರೆ. ಈ ಶಸ್ತ್ರಚಿಕಿತ್ಸೆಯ ತೊಡಕುಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ ಎಂದು ಅನಂತರ ತಿಳಿಯಿತು. ಸೂಜಿ ಹಾಕಿ ಮೂರು ಸಲ ತೆಗೆದರು, ಮೂರು ಸಲವೂ ಮತ್ತೆ ತುಂಬಿತು. ಆಮೇಲೆ "ತಾನಾಗಿಯೇ ಹೀರಿಕೊಳ್ಳುತ್ತದೆ" ಎಂದು ಬಿಟ್ಟುಬಿಟ್ಟರು. ಅವಳು ಮಗ್ಗುಲು ಬದಲಿಸಿದಾಗ ಒಳಗೆ ಎಳನೀರು ಅಲುಗಾಡಿದಂತೆ ಆಗುತ್ತದೆ ಎನ್ನುತ್ತಿದ್ದಳು. ನಾನೇ ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಅದಕ್ಕಾಗಿ ಈಗಲೂ ಪಶ್ಚಾತ್ತಾಪ ಪಡುತ್ತೇನೆ. ಒಂದೂವರೆ ವರ್ಷದ ನಂತರ ಬೇರೊಬ್ಬ ವೈದ್ಯರು ಹೊಟ್ಟೆಯ ಗೋಡೆಯ ಸ್ಕ್ಯಾನಿಂಗ್ ಮಾಡಿಸಿದಾಗ, ದ್ರವದ ಸುತ್ತ ದಪ್ಪನೆಯ ಪೊರೆ ಬೆಳೆದು ಚೀಲವೇ ಆಗಿರುವುದು ಕಂಡಿತು. ಚೀಲವಾದ ಮೇಲೆ ಎಷ್ಟು ಸಲ ಸೂಜಿ ಹಾಕಿದರೂ ಮತ್ತೆ ತುಂಬುತ್ತದೆ. ಕೊನೆಗೆ ಆ ಚೀಲವನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಯಿತು. ಈಗ ಆರಾಮಾಗಿದ್ದಾಳೆ.

ನಿಮ್ಮ ಊತ ರಾತ್ರಿ ಮಲಗಿದಾಗ ಪೂರ್ತಿ ಇಳಿಯುತ್ತದೆ ಎಂದಿದ್ದೀರಿ. ಅವಳದು ಬೆಳಿಗ್ಗೆಯೂ ಇರುತ್ತಿತ್ತು. ಆದ್ದರಿಂದ ನಿಮ್ಮದು ಇದೇ ಎಂದು ಹೇಳಲಾರೆ, ಆದರೂ ಪರೀಕ್ಷೆ ಮಾಡಿಸಿಕೊಳ್ಳಿ.

ಹಳೆಯ ಓದುಗ, ಅಂಕೋಲಾ

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನನಗಿಲ್ಲ. ನಮ್ಮ ತಾಯಂದಿರು ಆರೇಳು ಮಕ್ಕಳನ್ನು ಹೆತ್ತು, ಹಳೆಯ ಸೀರೆಯ ಪಟ್ಟಿಯಿಂದ ಹೊಟ್ಟೆ ಕಟ್ಟಿಕೊಂಡು, ಗಂಜಿಯುಂಡು, ಗದ್ದೆ ಕೆಲಸ ಮಾಡಿಕೊಂಡೇ ಇದ್ದರು. ಆರೋಗ್ಯವಂತ ಶರೀರಕ್ಕೆ ಕತ್ತಿ ಹಾಕಿಸಿಕೊಳ್ಳುವುದು ಅಗತ್ಯವಿತ್ತೇ ಎಂಬ ಪ್ರಶ್ನೆ ನನಗೆ ಬರುತ್ತದೆ. ಮುಂದೆ ಇದನ್ನು ಯೋಚಿಸುತ್ತಿರುವ ಹೆಣ್ಣುಮಕ್ಕಳಾದರೂ ಈ ಚರ್ಚೆಯನ್ನು ಓದಲಿ.

ಅಘನಾಶಿನಿ ತೀರ, ಕುಮಟಾ

ಅಂಕೋಲೆಯ ಹಿರಿಯರಿಗೆ: ನಿಮ್ಮ ಪ್ರಶ್ನೆಯನ್ನು ನನ್ನ ಅತ್ತೆಯವರೂ ಕೇಳಿದ್ದಾರೆ, ನಾನೇ ಕನ್ನಡಿಯ ಮುಂದೆ ನೂರು ಸಲ ಕೇಳಿಕೊಂಡಿದ್ದೇನೆ. ಚೆಂದ ಕಾಣಬೇಕೆಂಬ ಆಸೆ ನನಗಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇತ್ತು, ಅದು ತಪ್ಪೆಂದು ನನಗೆ ಅನಿಸುವುದೂ ಇಲ್ಲ. ಆದರೆ ಏಳು ವರ್ಷ ಆ ಮಡಿಕೆಯ ಅಡಿ ಪೌಡರು, ಮುಲಾಮು ಹಚ್ಚಿಕೊಂಡು, ಕೆಲಸದ ಜಾಗದಲ್ಲಿ ಯಾರಿಗಾದರೂ ವಾಸನೆ ಬಂದೀತೆಂದು ದೂರ ಕುಳಿತವಳು ನಾನು. ಬಾವಿಯಿಂದ ಒಂದು ಕೊಡ ನೀರು ಎತ್ತಿದರೆ ಸೊಂಟ ಹಿಡಿಯುತ್ತಿತ್ತು. ನಮ್ಮ ಅಮ್ಮನಿಗೂ ಹೊಟ್ಟೆ ಜೋತುಬಿದ್ದಿತ್ತು, ಅವಳಿಗೂ ಸೊಂಟ ನೋಯುತ್ತಿತ್ತು. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಶಸ್ತ್ರಚಿಕಿತ್ಸೆ ಬೇಕಿತ್ತೋ ಬೇಡವಿತ್ತೋ ಎಂಬುದು ಮುಗಿದ ವಿಷಯ. ಈಗಿರುವ ನೋವಿಗೆ ಚಿಕಿತ್ಸೆ ಸಿಗಬೇಕಲ್ಲವೇ?

ಶಿರಸಿಯ ತಂಗಿಗೆ, ಹೊನ್ನಾವರದವರಿಗೆ ಹಾಗೂ ಕಾರವಾರದ ಅಕ್ಕನಿಗೆ ಕೃತಜ್ಞತೆಗಳು. ಎರಡು ಹಾಳೆ ಮಾಡಿದ್ದೇನೆ. ನೋವು: ಒಂದೇ ಬೆರಳಿನಿಂದ ತೋರಿಸಬಲ್ಲೆ, ಸೊಂಟದ ಎಲುಬಿನ ಮುಂದಿನ ಮೊನೆಯಿಂದ ಒಳಗಡೆ ಎರಡು ಬೆರಳಿನ ದೂರ. ತಲೆಯೆತ್ತಿದಾಗ ನೋವು ಹೆಚ್ಚಾಯಿತು. ಊತ: ಬೆರಳೊತ್ತಿದರೆ ಗುಳಿ ಬೀಳುವುದಿಲ್ಲ, ಹೊಕ್ಕುಳಿನ ಮೇಲ್ಗಡೆಯೇ ಹೆಚ್ಚು, ಮಲಗಿದ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಟೇಪಿನಿಂದ ಅಳೆದೆ, ಬೆಳಿಗ್ಗೆ 84 ಸೆಂಟಿಮೀಟರ್, ಸಂಜೆ 93. ಮುಟ್ಟಿಗೂ ಇದಕ್ಕೂ ಸಂಬಂಧ ಕಾಣುವುದಿಲ್ಲ. ತಲೆಯೆತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಬ್ಬ ಏಳುತ್ತದೆ ಎಂಬುದನ್ನು ನನ್ನ ಮಗಳು ನೋಡಿ ಹೇಳಿದಳು.

ಕರಾವಳಿಯ ವೈದ್ಯ

ನಾನು ಸಾಮಾನ್ಯ ಶಸ್ತ್ರಚಿಕಿತ್ಸೆಯ ವೈದ್ಯ, ಪ್ಲಾಸ್ಟಿಕ್ ಸರ್ಜನ್ ಅಲ್ಲ. ರೋಗಿಯನ್ನು ನೋಡದೆ ರೋಗ ಹೇಳುವುದು ಸರಿಯಲ್ಲವಾದ್ದರಿಂದ, ಯಾವ ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬುದನ್ನು ಮಾತ್ರ ಬರೆಯುತ್ತೇನೆ.

ಮೊದಲಿಗೆ, ಇದು ಮನಸ್ಸಿನ ಭಯ ಎಂಬ ಮಾತನ್ನು ಬದಿಗಿಡಿ. ಶಸ್ತ್ರಚಿಕಿತ್ಸೆಯ ನಂತರ ಮೂರು ತಿಂಗಳು ದಾಟಿಯೂ ಉಳಿಯುವ ನೋವಿಗೆ ವೈದ್ಯಶಾಸ್ತ್ರದಲ್ಲಿ ತನ್ನದೇ ಹೆಸರಿದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಅದನ್ನು ದೀರ್ಘಕಾಲಿಕ ನೋವಿನ ಒಂದು ಪ್ರತ್ಯೇಕ ಬಗೆಯೆಂದೇ ಸೇರಿಸಲಾಗಿದೆ.

ನೀವು ಬರೆದ ನೋವಿನ ಜಾಗ, ಉರಿ, ತೊಡೆಯ ಹೊರಭಾಗದ ಜೋಮು, ಈ ಮೂರೂ ಸೇರಿದಾಗ ನನ್ನ ಮನಸ್ಸಿಗೆ ಮೊದಲು ಬರುವುದು ತೊಡೆಯ ಹೊರಪಕ್ಕದ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವ ನರ. ಬೆನ್ನುಮೂಳೆಯ ಸೊಂಟದ ಭಾಗದಿಂದ ಹೊರಟ ಆ ನರ ಸೊಂಟದ ಎಲುಬಿನ ಮೊನೆಯ ಪಕ್ಕದಲ್ಲೇ ಹಾದು ತೊಡೆಗೆ ಇಳಿಯುತ್ತದೆ, ಮತ್ತು ಟಮ್ಮಿ ಟಕ್‌ನ ಕೊಯ್ತದ ತುದಿ ಬರುವುದೂ ಅಲ್ಲಿಯೇ. ಅದು ಕತ್ತರಿಸಿಹೋಗಿರಬಹುದು, ಹೊಲಿಗೆಯಲ್ಲಿ ಸಿಕ್ಕಿರಬಹುದು, ಕಲೆಯ ಅಂಗಾಂಶದಲ್ಲಿ ಹೂತಿರಬಹುದು. ತೊಡೆಸಂದಿಯ ಕಡೆಗೆ ಹೋಗುವ ಇನ್ನೆರಡು ನರಗಳಿಗೂ ಹೀಗಾಗುವುದುಂಟು, ಆದರೆ ಆಗ ನೋವು ತೊಡೆಯ ಒಳಭಾಗಕ್ಕೂ ಜನನಾಂಗದ ಕಡೆಗೂ ಇಳಿಯುತ್ತದೆ. ಖಚಿತಪಡಿಸುವ ದಾರಿ ಸರಳವಾಗಿದೆ: ಆ ಬಿಂದುವಿನಲ್ಲಿ ಮರಗಟ್ಟಿಸುವ ಔಷಧವನ್ನು ಚುಚ್ಚಿದಾಗ ಕೆಲವು ಗಂಟೆಗಳ ಮಟ್ಟಿಗೆ ನೋವು ಮಾಯವಾದರೆ ಕಾರಣ ಆ ನರವೇ ಎಂದು ತಿಳಿಯಬಹುದು. ಇಂತಹ ನೋವಿಗೆ ಸಾಮಾನ್ಯ ನೋವಿನ ಮಾತ್ರೆಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂತಹ, ನರದ ಮೇಲೆ ಕೆಲಸ ಮಾಡುವ ಔಷಧಗಳನ್ನು ಸಣ್ಣ ಪ್ರಮಾಣದಿಂದ ಆರಂಭಿಸುತ್ತಾರೆ. ಅವುಗಳಿಂದ ಮಂಪರು, ತಲೆಸುತ್ತು ಬರಬಹುದಾದ್ದರಿಂದ ತಾವಾಗಿಯೇ ಅಂಗಡಿಯಿಂದ ತಂದು ತೆಗೆದುಕೊಳ್ಳಬಾರದು, ಆರಂಭಿಸಿದ್ದನ್ನು ಒಮ್ಮೆಲೇ ನಿಲ್ಲಿಸಲೂಬಾರದು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇದೇ ನರ ಬಿಗಿಯಾದ ಸೊಂಟಪಟ್ಟಿಯಿಂದಲೂ ಒತ್ತಿಹೋಗಿ ಇದೇ ರೀತಿ ಉರಿಯುತ್ತದೆ. ನೀವು ಹನ್ನೆರಡು ಗಂಟೆ ಬಿಗಿದುಕೊಳ್ಳುವ ಬೆಲ್ಟಿನ ಕೆಳ ಅಂಚು ಎಲ್ಲಿಗೆ ಬರುತ್ತದೆ, ಇಂದು ರಾತ್ರಿ ಕಳಚುವಾಗ ನೋಡಿಕೊಳ್ಳಿ. ಆ ಬೆಲ್ಟು ಮೊದಲ ಕೆಲವು ವಾರಗಳಿಗೆಂದು ಕೊಟ್ಟದ್ದು, ಎರಡು ವರ್ಷಕ್ಕಲ್ಲ.

ಊತದ ವಿಷಯಕ್ಕೆ ಬಂದರೆ, ನಾರ್ಮಲ್ ಎಂದು ಬಂದ ಸ್ಕ್ಯಾನಿಂಗ್ ವರದಿಯನ್ನು ತೆಗೆದು ಓದಿ. ಯಕೃತ್ತು, ಪಿತ್ತಕೋಶ, ಮೂತ್ರಪಿಂಡ, ಗರ್ಭಕೋಶ ಸರಿಯಾಗಿವೆ ಎಂದಷ್ಟೇ ಇದ್ದರೆ, ಅದು ಹೊಟ್ಟೆಯ ಒಳಗನ್ನು ನೋಡಿದೆ, ಗೋಡೆಯನ್ನು ನೋಡಿಲ್ಲ ಎಂದರ್ಥ. ಸ್ಕ್ಯಾನಿಂಗ್ ಮಾಡುವವರಿಗೆ ಏನು ನೋಡಬೇಕೆಂದು ಚೀಟಿಯಲ್ಲಿ ಬರೆದುಕೊಡದಿದ್ದರೆ ಅವರು ಗೋಡೆಯನ್ನು ಪ್ರತ್ಯೇಕವಾಗಿ ನೋಡುವುದು ಅಪರೂಪ. ಹೊಟ್ಟೆಯ ಗೋಡೆಯಲ್ಲಿ ದ್ರವವಿದೆಯೇ, ಹರ್ನಿಯಾ ಇದೆಯೇ, ಎರಡು ನೇರ ಸ್ನಾಯುಗಳ ನಡುವಿನ ಅಂತರ ಎಷ್ಟು ಎಂಬುದನ್ನು, ಮಲಗಿದಾಗ ಮಾತ್ರವಲ್ಲದೆ ತಲೆಯೆತ್ತಿಸಿ ಮತ್ತು ಕೆಮ್ಮಿಸಿಯೂ ನೋಡಬೇಕೆಂದು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ. ಆ ಸ್ನಾಯುಗಳನ್ನು ಹತ್ತಿರ ತಂದು ಹಾಕಿದ ಹೊಲಿಗೆ ಸಡಿಲಾದರೆ ಅಥವಾ ಕಿತ್ತುಬಂದರೆ, ದಿನವಿಡೀ ನಿಂತು ಓಡಾಡಿದಾಗ ಹೊಟ್ಟೆ ಮುಂದಕ್ಕೆ ಬರುತ್ತದೆ, ಮಲಗಿದರೆ ಇಳಿಯುತ್ತದೆ. ನಿಮ್ಮ ಮಗಳು ಕಂಡ ದಿಬ್ಬ ಅದನ್ನೇ ಹೇಳುತ್ತಿರಬಹುದು.

ಆದರೆ ಶಸ್ತ್ರಚಿಕಿತ್ಸೆಯಾದವರಿಗೆ ಬರುವ ಹೊಟ್ಟೆ ತೊಂದರೆಯೆಲ್ಲವೂ ಆ ಶಸ್ತ್ರಚಿಕಿತ್ಸೆಯಿಂದಲೇ ಬಂದದ್ದೆಂದು ತಿಳಿಯುವುದೂ ತಪ್ಪು. ಮಲಬದ್ಧತೆ, ಗ್ಯಾಸು, ಹಾಲು ಒಗ್ಗದಿರುವುದು, ಅಂಡಾಶಯದ ಗಂಟು, ಇವೆಲ್ಲ ಊತಕ್ಕೆ ಕಾರಣವಾಗುತ್ತವೆ. ದಿನ ಬಿಡದೆ ಉಳಿಯುವ ಹೊಟ್ಟೆಯುಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ತೂಕ ಇಳಿಯುವುದು ಇದ್ದರೆ, ಅದರಲ್ಲೂ 50 ದಾಟಿದವರಲ್ಲಿ, ಅಂಡಾಶಯವನ್ನು ತಪ್ಪದೆ ಪರೀಕ್ಷಿಸಬೇಕು. ಸಿಸೇರಿಯನ್ ಆದವರಲ್ಲಿ ಗರ್ಭಕೋಶದ ಒಳಪದರದ ತುಣುಕು ಗಾಯದ ಕಲೆಯಲ್ಲಿ ಬೆಳೆದು, ಮುಟ್ಟಿನ ದಿನಗಳಲ್ಲಿ ಮಾತ್ರ ಗಂಟಾಗಿ ನೋಯುವುದೂ ಉಂಟು. ಶುಶ್ರೂಷಕಿಯವರು ಮುಟ್ಟಿನ ಬಗ್ಗೆ ಕೇಳಿದ್ದು ಅದಕ್ಕಾಗಿಯೇ ಇರಬೇಕು.

ಕಾಯಬಾರದ ಲಕ್ಷಣಗಳು: ಜ್ವರದೊಂದಿಗೆ ಗಾಯ ಕೆಂಪಾಗಿ ಬಿಸಿಯಾಗುವುದು, ಕೀವು ಸೋರುವುದು, ಒಳಕ್ಕೆ ತಳ್ಳಿದರೂ ಹೋಗದ ಗಟ್ಟಿ ಗಂಟಿನೊಂದಿಗೆ ವಾಂತಿ, ಮೀನಖಂಡ ಒಂದೇ ಕಡೆ ಊದಿ ನೋಯುವುದು, ಹಠಾತ್ ಉಬ್ಬಸ. ಇವುಗಳಲ್ಲಿ ಯಾವುದೊಂದು ಬಂದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಘಟ್ಟದ ಮೇಲಿನವಳು, ಶಿರಸಿ

ವೈದ್ಯರೇ, ಬೆಲ್ಟಿನ ಮಾತು ಓದಿ ನನ್ನ ಬೀರುವಿನಲ್ಲಿದ್ದ ಹಳೆಯ ಬೆಲ್ಟನ್ನು ತೆಗೆದು ನೋಡಿದೆ. ಅದರ ಕೆಳ ಅಂಚಿನ ಪ್ಲಾಸ್ಟಿಕ್ ಕಡ್ಡಿ ಸರಿಯಾಗಿ ಆ ಎಲುಬಿನ ಮೇಲೆಯೇ ಕೂರುತ್ತದೆ. ಎಷ್ಟು ದಿನ ಹಾಕಬೇಕು, ಎಂದು ಬಿಡಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಡುವುದು ಅಷ್ಟು ಕಷ್ಟದ ಕೆಲಸವೇ?

ಕಾಳಿ ಸೇತುವೆ, ಕಾರವಾರ

ನಾನು ವಕೀಲಿ ವೃತ್ತಿಯಲ್ಲಿರುವವನು. ಚಿಕಿತ್ಸೆಯ ಬಗ್ಗೆ ಹೇಳಲಾರೆ, ಕಾಗದಪತ್ರಗಳ ಬಗ್ಗೆ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು, ಮತ್ತು ರೋಗಿ ಕೇಳಿದಾಗ 72 ಗಂಟೆಗಳ ಒಳಗೆ ಪ್ರತಿಗಳನ್ನು ಕೊಡಬೇಕು. ನಿಮಗೆ 22 ತಿಂಗಳಾಗಿದೆ, ಈಗಲೇ ಲಿಖಿತವಾಗಿ ಕೇಳಿ. ಡಿಸ್ಚಾರ್ಜ್ ಚೀಟಿ ಮಾತ್ರ ಸಾಲದು. ಶಸ್ತ್ರಚಿಕಿತ್ಸೆಯ ಟಿಪ್ಪಣಿ ಮತ್ತು ಒಪ್ಪಿಗೆ ಪತ್ರ ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ದೀರ್ಘಕಾಲದ ನೋವು, ನರದ ಹಾನಿ ಸಂಭವಿಸಬಹುದೆಂದು ಮೊದಲೇ ತಿಳಿಸಿದ್ದರೇ ಎಂಬುದು ಆ ಪತ್ರದಿಂದ ಗೊತ್ತಾಗುತ್ತದೆ. ರೋಗಿಗೆ ಸಾಕಷ್ಟು ವಿವರ ಕೊಟ್ಟು ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆ ಎಂಬುದನ್ನು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ದೂರು ಕೊಡುವ ಯೋಚನೆಯಿದ್ದರೆ, ಗ್ರಾಹಕ ಆಯೋಗದ ಮುಂದೆ ಹೋಗಲು ಕಾರಣ ಉಂಟಾದ ದಿನದಿಂದ ಸಾಮಾನ್ಯವಾಗಿ 2 ವರ್ಷದ ಕಾಲಮಿತಿ ಇದೆ. ನಮ್ಮ ಜಿಲ್ಲೆಯ ಆಯೋಗ ಕಾರವಾರದಲ್ಲಿದೆ. ತೊಡಕು ಉಂಟಾದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ ಎಂಬುದನ್ನೂ ನೆನಪಿಡಿ.

ಅಘನಾಶಿನಿ ತೀರ, ಕುಮಟಾ

ದೂರು ಕೊಡುವ ಮನಸ್ಸು ಸದ್ಯಕ್ಕಿಲ್ಲ. ಆದರೆ ದಾಖಲೆ ಕೇಳಿ ಪತ್ರ ಬರೆದಿದ್ದೇನೆ. ಬೆಲ್ಟಿನ ಅಂಚು ನೋಡಿದೆ. ನೋಯುವ ಬಿಂದುವಿನ ಮೇಲೆ ಕೆಂಪು ಗೆರೆ ಮೂಡಿತ್ತು. ಎರಡು ವರ್ಷದಿಂದ ದಿನವೂ ಆ ಗೆರೆಯನ್ನು ಕಂಡಿದ್ದೇನೆ, ಒಮ್ಮೆಯೂ ಯೋಚಿಸಲಿಲ್ಲ.

ಫಿಸಿಯೋಥೆರಪಿಸ್ಟ್, ಶಿರಸಿ

ಬೆಲ್ಟನ್ನು ಒಂದೇ ದಿನ ಪೂರ್ತಿ ಬಿಟ್ಟರೆ ಅಭ್ಯಾಸ ತಪ್ಪಿದ ಸ್ನಾಯುಗಳು ದಣಿದು ಸೊಂಟ ನೋಯಬಹುದು. ಮೊದಲು ಮನೆಯಲ್ಲಿರುವಾಗ ಎರಡು ಗಂಟೆ ಬಿಡಿ, ವಾರಕ್ಕೊಮ್ಮೆ ಅವಧಿಯನ್ನು ಹೆಚ್ಚಿಸಿ. ಹೊರಗಿನಿಂದ ಬಿಗಿದಷ್ಟೂ ಒಳಗಿನ ಅಡ್ಡ ಸ್ನಾಯು ತನ್ನ ಕೆಲಸ ಮರೆಯುತ್ತದೆ, ಜೊತೆಗೆ ಒತ್ತಡ ಕೆಳಗಿಳಿದು ಮೂತ್ರಕೋಶದ ಮೇಲೆ ಬೀಳುತ್ತದೆ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುತ್ತದೆಯೇ ಎಂಬುದನ್ನು ನಿಮ್ಮ ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ.

ಅಂಗಾತ ಮಲಗಿ, ಮಂಡಿ ಮಡಚಿ, ಉಸಿರನ್ನು ನಿಧಾನವಾಗಿ ಹೊರಬಿಡುತ್ತ ಹೊಕ್ಕುಳಿನ ಕೆಳಭಾಗವನ್ನು ಮೆಲ್ಲಗೆ ಒಳಕ್ಕೆಳೆದು ಐದು ಎಣಿಸುವವರೆಗೆ ಹಿಡಿಯುವ ಅಭ್ಯಾಸದಿಂದ ಆರಂಭಿಸಬಹುದು. ನಡುವೆ ದಿಬ್ಬ ಏಳುವಂತಹ ಯಾವ ವ್ಯಾಯಾಮವನ್ನೂ ಈಗ ಮಾಡಬೇಡಿ. ಮಲಗಿದವರು ನೇರವಾಗಿ ಎದ್ದು ಕೂರುವುದು, ಎರಡೂ ಕಾಲು ಒಟ್ಟಿಗೆ ಎತ್ತುವುದು ಸದ್ಯ ಬೇಡ. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಿ. ಕೊಡ ಎತ್ತುವಾಗ ಉಸಿರು ಬಿಗಿಹಿಡಿಯದೆ, ಬಿಡುತ್ತ ಎತ್ತಿ. ಗಾಯದ ಕಲೆ ಅಡಿಯ ಅಂಗಾಂಶಕ್ಕೆ ಅಂಟಿಕೊಂಡಿದ್ದರೆ ಬೆರಳಿನ ತುದಿಯಿಂದ ದಿನಕ್ಕೆ ಐದು ನಿಮಿಷ ನೀವುವುದು ಹಿತವಾಗುತ್ತದೆ, ಆದರೆ ನರ ಉರಿಯುವ ಆ ಒಂದು ಬಿಂದುವನ್ನು ಬಿಟ್ಟು.

ಸದಾಶಿವಗಡದ ನಿವೃತ್ತ ಶುಶ್ರೂಷಕಿ, ಕಾರವಾರ

ತಂಗಿ, ಪರೀಕ್ಷೆಗೆ ಹೋಗುವಾಗ ಸಂಜೆಯ ಸಮಯ ಕೇಳಿ ಪಡೆಯಿರಿ. ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಹೋದರೆ ನಿಮ್ಮ ಊತ ಮನೆಯಲ್ಲೇ ಉಳಿದಿರುತ್ತದೆ, ವೈದ್ಯರಿಗೆ ಕಾಣುವುದೇ ಇಲ್ಲ. ಆಗದಿದ್ದರೆ ಒಂದೇ ಜಾಗದಲ್ಲಿ ನಿಂತು, ಒಂದೇ ಉಡುಪಿನಲ್ಲಿ, ಬೆಳಿಗ್ಗೆ ಮತ್ತು ಸಂಜೆ ಪಕ್ಕದಿಂದ ತೆಗೆಸಿದ ಫೋಟೋ ಒಯ್ಯಿರಿ. ನೋಯುವ ಬಿಂದುವಿಗೆ ಪೆನ್ನಿನಿಂದ ಗುರುತು ಹಾಕಿಕೊಂಡೇ ಹೋಗಿ. ಹೊಟ್ಟೆ ಮುಟ್ಟಿ ನೋಡದೆ ಚೀಟಿ ಬರೆಯಲು ಹೊರಟರೆ, "ಡಾಕ್ಟರೇ, ಒಮ್ಮೆ ಇಲ್ಲಿ ಒತ್ತಿ ನೋಡಿ" ಎಂದು ನೀವೇ ಕೇಳಿ. ಅದು ಅಗೌರವವಲ್ಲ.

ಅಘನಾಶಿನಿ ತೀರ, ಕುಮಟಾ

ಮೂರು ತಿಂಗಳ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಇಳಿಯುವುದು, ರಜೆ ಹೊಂದಿಸುವುದು, ಮಕ್ಕಳ ಪರೀಕ್ಷೆ, ಎಲ್ಲ ಸೇರಿ ಒಂದೊಂದು ಭೇಟಿಗೂ ಎರಡು ಮೂರು ವಾರ ಹಿಡಿಯಿತು. ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ನಮ್ಮವರಿಗೆ ಮಣಿಪಾಲವೋ ಮಂಗಳೂರೋ ಹುಬ್ಬಳ್ಳಿಯೋ ಗೋವೆಯೋ ಆಗಬೇಕು. ಯಾವ ದಿಕ್ಕಿಗೆ ಹೊರಟರೂ ಒಂದು ದಿನ ಹೋಯಿತೆಂದೇ ಲೆಕ್ಕ.

ಮೊದಲು ಶಿರಸಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆ. ವೈದ್ಯರು ಚೀಟಿಯಲ್ಲಿ ಗೋಡೆಯನ್ನು ನೋಡಬೇಕೆಂದು ಬರೆದುಕೊಟ್ಟಿದ್ದರು. ದ್ರವವಿಲ್ಲ, ಹರ್ನಿಯಾ ಇಲ್ಲ, ಅಂಡಾಶಯ ಸರಿಯಾಗಿದೆ. ಆದರೆ ಹೊಕ್ಕುಳಿನ ಮೂರು ಬೆರಳು ಮೇಲ್ಗಡೆ ಸ್ನಾಯುಗಳ ನಡುವಿನ ಅಂತರ ತಲೆಯೆತ್ತಿದಾಗ 4.2 ಸೆಂಟಿಮೀಟರ್ ಇದೆ. ಸಾಮಾನ್ಯವಾಗಿ 2 ಸೆಂಟಿಮೀಟರ್ ದಾಟಿದರೆ ಬೇರ್ಪಟ್ಟಿವೆ ಎನ್ನುತ್ತಾರಂತೆ. ಅಂದರೆ ಮೇಲ್ಭಾಗದ ಹೊಲಿಗೆ ಬಿಟ್ಟಿದೆ. ಶಸ್ತ್ರಚಿಕಿತ್ಸೆಯಾದ ಐದನೆಯ ವಾರದಲ್ಲಿ ನನಗೆ ಹದಿನೈದು ದಿನ ಬಿಡದೆ ಕೆಮ್ಮು ಹಿಡಿದಿತ್ತು, ಒಂದು ರಾತ್ರಿ ಒಳಗೆ ಏನೋ ಪಟ್ಟನೆ ಹರಿದಂತಾಗಿತ್ತು. ಫೋನಿನಲ್ಲಿ ಹೇಳಿದಾಗ ಕೆಮ್ಮಿನ ಔಷಧ ಹೇಳಿ ಮುಗಿಸಿದ್ದರು. ದಾಖಲೆಗಳು ಎರಡನೆಯ ಪತ್ರದ ನಂತರ ಬಂದವು. ಒಪ್ಪಿಗೆ ಪತ್ರದಲ್ಲಿ ನರದ ಬಗ್ಗೆ ಒಂದು ಸಾಲೂ ಇಲ್ಲ, ಕೆಳಗೆ ನನ್ನ ಸಹಿ ಇದೆ.

ನೋವಿಗಾಗಿ, ಕರಾವಳಿಯ ವೈದ್ಯರು ಬರೆದಂತೆಯೇ, ನೋವಿನ ಚಿಕಿತ್ಸಾ ವಿಭಾಗದಲ್ಲಿ ಆ ಬಿಂದುವಿಗೆ ಚುಚ್ಚುಮದ್ದು ಕೊಟ್ಟರು. ಹತ್ತು ನಿಮಿಷದಲ್ಲಿ ಉರಿ ನಿಂತಿತು. 24 ತಿಂಗಳಲ್ಲಿ ಮೊದಲ ಸಲ ಆ ಜಾಗ ನನ್ನದೇ ಶರೀರದ ಒಂದು ಸಾಮಾನ್ಯ ಭಾಗದಂತೆ ಇತ್ತು; ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಅತ್ತೆ. ನಾಲ್ಕು ಗಂಟೆಗಳ ನಂತರ ನೋವು ಮರಳಿತು, ಆದರೆ ಈಗ ಕಾರಣ ಯಾವುದೆಂದು ಗೊತ್ತಾಗಿದೆ. ಬೆಲ್ಟನ್ನು ಐದು ವಾರಗಳಲ್ಲಿ ಹಂತ ಹಂತವಾಗಿ ಬಿಟ್ಟಿದ್ದೇನೆ, ರಾತ್ರಿ ಸಣ್ಣ ಪ್ರಮಾಣದ ಔಷಧವಿದೆ, ಸ್ಟೆರಾಯ್ಡ್ ಸೇರಿಸಿದ ಇನ್ನೊಂದು ಚುಚ್ಚುಮದ್ದೂ ಆಗಿದೆ. ಹತ್ತರಲ್ಲಿ ಎಂಟರಷ್ಟಿದ್ದ ನೋವು ಈಗ ಮೂರರಷ್ಟಿದೆ. ತೊಡೆಯ ಜೋಮು ಹಾಗೆಯೇ ಇದೆ, ಅದು ಪೂರ್ತಿ ಹೋಗದಿರಲೂಬಹುದು ಎಂದು ನೇರವಾಗಿ ಹೇಳಿದ್ದಾರೆ.

ಹೊಲಿಗೆಯ ವಿಷಯದಲ್ಲಿ ಆತುರವಿಲ್ಲ ಎಂದರು. ಆರು ತಿಂಗಳು ವ್ಯಾಯಾಮ ಮಾಡಿ, ಮತ್ತೆ ಅಳೆದು, ಆಗಲೂ ತೊಂದರೆ ಇದ್ದರೆ ಮರುಶಸ್ತ್ರಚಿಕಿತ್ಸೆಯ ಮಾತು. ಹದಿನೈದು ದಿನಕ್ಕೊಮ್ಮೆ ಶಿರಸಿಗೆ ಹೋಗುತ್ತೇನೆ. ನಿನ್ನೆ ಸಂಜೆಯ ಅಳತೆ 90.

ಶರಾವತಿ ದಂಡೆ, ಹೊನ್ನಾವರ

ಓದಿ ನನ್ನ ಹೆಂಡತಿಗೆ ತೋರಿಸಿದೆ. ಶಿರಸಿಗೆ ಹೋಗುವ ದಿನ ಜೊತೆಗೆ ಯಾರಾದರೂ ಬೇಕಿದ್ದರೆ ತಾನು ಬರುತ್ತೇನೆ ಎಂದಿದ್ದಾಳೆ.

ಅಘನಾಶಿನಿ ತೀರ, ಕುಮಟಾ

ಅವರಿಗೆ ನನ್ನ ನಮಸ್ಕಾರ ತಿಳಿಸಿ. ಮುಂದಿನ ಭೇಟಿ ಗುರುವಾರ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಡುತ್ತೇನೆ, ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.